ಡಾಕ್ಟರು ಹೋದರು, ವಾಲ್ವ್ ಓಡುತ್ತಿದೆ: ನನ್ನ ಅನುಭವ

“ಡಾಕ್ಟರ ಜಾಗಕ್ಕೆ ನೋಟುಬುಕ್ಕಾ? ಹೃದಯದ ಜೊತೆ ತಲೆಯೂ ಕೆಟ್ಟಿತಾ ಮಾರಾಯ?” ಅಂತ ಭಾವ ನಕ್ಕಿದ್ದು 2020ರ ಫೆಬ್ರವರಿಯಲ್ಲಿ, ನನ್ನ ಹೃದಯದ ಡಾಕ್ಟರು ತೀರಿಕೊಂಡ ಮರುತಿಂಗಳು, ಅವರ ಚೀಟಿಗಳನ್ನು ನಾನು ನೋಟುಬುಕ್ಕಿಗೆ ಇಳಿಸುತ್ತಿದ್ದಾಗ. ಮೊನ್ನೆ ಎಕೋ (ಹೃದಯದ ಸ್ಕ್ಯಾನ್) ಆಯಿತು. ಹೃದಯದಲ್ಲಿ ಹಾಕಿಸಿದ ವಾಲ್ವ್ ಸರಿಯಾಗಿದೆ, ಹೃದಯ ರಕ್ತ ತಳ್ಳುವ ಅಳತೆ ಇಎಫ್ 55ರ ಮೇಲಿದೆ, ಅಂದರೆ ಸರಿಯಿದೆ. ಅಂದಿನಿಂದ ಇಷ್ಟು ವರ್ಷದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದು ಒಂದೇ ರಾತ್ರಿ, ಅದೂ ನನ್ನದೇ ತಪ್ಪಿಗೆ. ಅದಕ್ಕೇ ಬರೆಯುತ್ತಿದ್ದೇನೆ. ವಾಲ್ವ್ ಹಾಕಿಸಿಕೊಂಡವರಿಗೆ ಐಎನ್‌ಆರ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ; ಉಳಿದವರಿಗೆ: ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಅಂಕಿ ಅದು, ಏರಿದರೆ ರಕ್ತ ಸೋರುತ್ತದೆ, ಇಳಿದರೆ ವಾಲ್ವಿನಲ್ಲಿ ಹೆಪ್ಪುಗಟ್ಟಬಹುದು.

ನನ್ನದು ಮೈಟ್ರಲ್, ಅಂದರೆ ಹೃದಯದ ಎಡಭಾಗದ ಒಂದು ವಾಲ್ವ್, ಲೋಹದ್ದು. ಊರಲ್ಲಿ ಚಿಕ್ಕಂದಿನಲ್ಲಿ ಬಂದ ಗಂಟುನೋವಿನ ಜ್ವರದ ಬಳುವಳಿ. 2008ರಲ್ಲಿ ಮುಂಬಯಿಯ ಪರೇಲ್ ಕಡೆ ಆಪರೇಷನ್ ಆಯಿತು. ಸುಮಾರು ಎರಡೂವರೆ ಲಕ್ಷ ಖರ್ಚು. ಅರ್ಧ ಚೀಟಿ ದುಡ್ಡು, ಉಳಿದದ್ದು ಹೋಟೆಲಿನ ಧಣಿಗಳು ಕೊಟ್ಟ ಸಾಲ. ಆಮೇಲೆ ಹನ್ನೊಂದು ವರ್ಷ, ಮೂರು ತಿಂಗಳಿಗೊಮ್ಮೆ ಡೊಂಬಿವಲಿಯಿಂದ ಪರೇಲಿಗೆ. ನೋಡುತ್ತಿದ್ದದ್ದು ಆಪರೇಷನ್ ಮಾಡಿದ ಡಾಕ್ಟರೇ. ಅವರು ಮೊದಲು ಸ್ಟೆತಸ್ಕೋಪ್ ಹಿಡಿಯುತ್ತಿರಲಿಲ್ಲ. ಫ್ಯಾನ್ ಆರಿಸಿ, ಬಾಗಿಲು ಹಾಕಿಸಿ, ಬರೀ ಕಿವಿಯಲ್ಲಿ ನನ್ನ ಎದೆಯ ಟಿಕ್ ಟಿಕ್ ಕೇಳುತ್ತಿದ್ದರು. “ಆವಾಜ್ ಮಂದ್ ಝಾಲಾ ತರ್ ಧಾವತ್ ಯಾ ಶೆಟ್ಟಿ.” ಸದ್ದು ಮಂದವಾದರೆ ಓಡಿ ಬಾ ಅಂತ. ಅವರು ಕಲಿತದ್ದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಡಾ. ಪಿ.ಕೆ. ಸೇನ್ 1968ರಲ್ಲಿ ದೇಶದ ಮೊದಲ ಹೃದಯ ಕಸಿ ಮಾಡಿದ್ದು ಅಲ್ಲೇ ಅಂತ ಹೇಳುವಾಗ ತಾವೇ ಪಕ್ಕದಲ್ಲಿ ನಿಂತಿದ್ದ ಹಾಗೆ ಮುಖ ಅರಳುತ್ತಿತ್ತು.

2020ರ ಜನವರಿಯಲ್ಲಿ ರಿಪೋರ್ಟ್ ಹಿಡಿದು ಹೋದರೆ, ಸರ್ ತೀರಿಕೊಂಡು ಒಂಬತ್ತು ದಿನ ಆಯಿತು ಅಂದರು ಕೌಂಟರಿನವರು. ನನ್ನ ಹಿಂದೆ ನಿಂತವರ ಟೋಕನ್ ನಂಬರ್ ಕೂಗಿದರು. ವಾಪಸು ಬರುವಾಗ ದಾದರಿನಲ್ಲಿ ಮೂರು ಫಾಸ್ಟ್ ಲೋಕಲ್ ಬಿಟ್ಟೆ. ಹತ್ತಲು ಕಾಲು ಬರಲಿಲ್ಲ.

ಮುಂದಿನ ಒಂದು ತಿಂಗಳು ದುಡ್ಡು ಕಳೆದೆ. ಮೊದಲಿಗೆ ಒಬ್ಬ ದೊಡ್ಡ ಹೆಸರಿನ ಸರ್ಜನ್: ಫೀಸು 1,500, ಕೊಟ್ಟ ಹೊತ್ತು ಏಳು ನಿಮಿಷ, ಫ್ಯಾನ್ ಓಡುತ್ತಲೇ ಇತ್ತು. ಇನ್ನೊಂದು ಕಡೆ ಎಲ್ಲ ಟೆಸ್ಟೂ ಹೊಸದಾಗಿ ಆಗಬೇಕೆಂದು ಹದಿನಾಲ್ಕು ಸಾವಿರ ಇಳಿಸಿದರು. ಮೂರನೆಯವರ ಹತ್ತಿರ ನಾನೇ ಜಗಳ ತೆಗೆದೆ. ಹೆಂಡತಿ ಹೇಳಿದ್ದು ಸರಿ: “ನೀವು ಡಾಕ್ಟರನ್ನು ಹುಡುಕ್ತಾ ಇಲ್ಲ, ಅವರನ್ನೇ ಹುಡುಕ್ತಾ ಇದ್ದೀರಿ.”

ಆಗ ಡಾಕ್ಟರು ಬರೆದುಕೊಟ್ಟ ಹಳೆಯ ಚೀಟಿಗಳ ಡಬ್ಬ ಇಳಿಸಿದೆ. ನಲವತ್ತನಾಲ್ಕೋ ನಲವತ್ತೈದೋ ಇದ್ದವು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಒಂದೊಂದು ಚೀಟಿಗೆ ಒಂದೊಂದು ಪುಟ: ತಾರೀಕು, ಐಎನ್‌ಆರ್, ಅಸಿಟ್ರಾಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಎಷ್ಟು, ಆಗ ಬೇರೆ ಏನು ಕಾಯಿಲೆ ಇತ್ತು, ಅವರು ಬಾಯಲ್ಲಿ ಏನು ಹೇಳಿದ್ದರು. ಹೋಟೆಲ್ ಮುಚ್ಚಿದ ಮೇಲೆ ರಾತ್ರಿ ಕೂತು ಮೂರು ವಾರ ಬರೆದೆ. ಡೋಸ್ ಇಲ್ಲಿ ಬರೆಯುವುದಿಲ್ಲ, ನನ್ನದು ನಿಮಗೆ ಹೊಂದುವುದಿಲ್ಲ.

ಆಪರೇಷನ್ನಿನ ಕಾಗದವೂ ಬೇಕಿತ್ತು. ಅಡ್ಮಿಟ್ ಆದವರ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮ ಇದೆ. ನನ್ನದಕ್ಕೆ ಹನ್ನೆರಡು ವರ್ಷ ಆಗಿತ್ತು, “ರದ್ದಿಗೆ ಹೋಗಿದೆ” ಅಂದುಬಿಟ್ಟರು. ಹದಿನೈದು ದಿನದಲ್ಲಿ ಜೆರಾಕ್ಸ್ ನನ್ನ ಕೈಯಲ್ಲಿತ್ತು. ಹೇಗೆ ಅಂತ ಕೇಳಬೇಡಿ. ಹೋಟೆಲಿನವನಿಗೆ ಯಾರ ಟೇಬಲ್ಲಿಗೆ ಯಾವಾಗ ಹೋಗಬೇಕು ಅನ್ನುವುದು ಗೊತ್ತಿರುತ್ತದೆ.

ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಲೋಕಲ್ ನಿಂತಿತು. ಏಪ್ರಿಲಿನಲ್ಲಿ ಹೊಟ್ಟೆ ಕೆಟ್ಟು, ಓಣಿಯ ಕ್ಲಿನಿಕ್ಕಿನಲ್ಲಿ ಮೆಟ್ರೊನಿಡಜೋಲ್ ಕೊಟ್ಟರು. ವಾಲ್ವ್ ಇದೆ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹಲ್ಲುಜ್ಜಿದರೆ ಬೇಸಿನ್ ತುಂಬ ಕೆಂಪು. ಐಎನ್‌ಆರ್ ಏಳರ ಮೇಲೆ. ನನಗೆ ಇರಬೇಕಾದದ್ದು ಎರಡೂವರೆಯಿಂದ ಮೂರೂವರೆ. ಆಸ್ಪತ್ರೆಯ ಆ ಒಂದು ರಾತ್ರಿ ಇದೇ. ಮನೆಗೆ ಬಂದು ನೋಟುಬುಕ್ ತೆರೆದರೆ 2013ರ ಪುಟದಲ್ಲಿ ನಾನೇ ನಕಲು ಮಾಡಿದ ಅವರ ಮಾತು: “ಮೆಟ್ರೊ ನಕೋ.” ಮೆಟ್ರೊನಿಡಜೋಲ್ ಬೇಡ ಅಂತ; ಅದು ಅಸಿಟ್ರಾಮಿನ ಬಲ ಏರಿಸುತ್ತದೆ. ಬರೆದಿದ್ದೆ, ಓದಿರಲಿಲ್ಲ. ಅವತ್ತೇ ಮೊದಲ ಪುಟಕ್ಕೆ ನನಗೆ ಕೊಡಬಾರದ ಔಷಧಗಳ ಕೆಂಪು ಶಾಯಿಯ ಪಟ್ಟಿ ಬಂತು. ನೋವಿನ ಮಾತ್ರೆಗಳೂ ಅದರಲ್ಲೇ ಇವೆ. ಈಗ ಯಾವ ಕ್ಲಿನಿಕ್ಕಿಗೆ ಹೋದರೂ ಬಾಯಿ ಬಿಡುವ ಮೊದಲು ಆ ಪುಟ ಮೇಜಿನ ಮೇಲೆ ಇಡುತ್ತೇನೆ.

ಮಧ್ಯೆ ಕೆಲವು ಹುಚ್ಚಾಟ. ಬೆರಳು ಚುಚ್ಚಿ ಮನೆಯಲ್ಲೇ ಐಎನ್‌ಆರ್ ನೋಡುವ ಮೆಷಿನ್ ಸೆಕೆಂಡ್ ಹ್ಯಾಂಡ್ ತಂದೆ, ಇಪ್ಪತ್ತೆಂಟು ಸಾವಿರ. ಜೊತೆಗೆ ಬಂದ ಸ್ಟ್ರಿಪ್ಪುಗಳ ಅವಧಿ ಮುಗಿದಿತ್ತು, ಹೊಸದರ ರೇಟು ಕೇಳಿ ಮೆಷಿನ್ ಕಪಾಟಿಗೆ ಹಾಕಿದೆ. ಸೊಪ್ಪಿನ ಪ್ರಯೋಗ ಮಾತ್ರ ಗೆದ್ದಿತು. ಹನ್ನೊಂದು ವರ್ಷ ಮನೆಯಲ್ಲಿ ಬಸಳೆ ಮುಟ್ಟಿರಲಿಲ್ಲ; ಮದುವೆ ಮನೆಯಲ್ಲಿ ಆಸೆಗೆ ತಿಂದರೆ ಮುಂದಿನ ರಿಪೋರ್ಟಿನಲ್ಲಿ ಐಎನ್‌ಆರ್ ಕೆಳಗೆ ಬೀಳುತ್ತಿತ್ತು. ಹೊಸ ಡಾಕ್ಟರಿಗೆ ತಿಳಿಸಿ, ದಿನಾ ಒಂದೇ ಅಳತೆಯ ಬಟ್ಟಲಲ್ಲಿ ಹರಿವೆಯೋ ಬಸಳೆಯೋ ತಿನ್ನಲು ಶುರುಮಾಡಿದೆ. ವಾರಕ್ಕೊಂದು ಟೆಸ್ಟು, ಅದಕ್ಕೆ ತಕ್ಕಂತೆ ಮಾತ್ರೆ ಒಂದು ಸಲ ಬದಲಾಯಿತು, ಎರಡು ತಿಂಗಳಲ್ಲಿ ಅಂಕಿ ಒಂದೇ ಕಡೆ ನಿಂತಿತು. ಎದೆಯ ಸದ್ದನ್ನೂ ತಿಂಗಳಿಗೊಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಫ್ಯಾನ್ ಆರಿಸಿ. ಮೊಬೈಲನ್ನು ಎಲ್ಲಿ ಇಟ್ಟರೆ ಸ್ಪಷ್ಟ ಬರುತ್ತದೆ ಅನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಸೊಪ್ಪಿಗೆ ಒಪ್ಪಿದ ಡಾಕ್ಟರು ಡೊಂಬಿವಲಿ ಪೂರ್ವದ ಹುಡುಗಿ, ಕಾರ್ಡಿಯಾಲಜಿಸ್ಟ್ (ಹೃದಯದ ಡಾಕ್ಟರೇ, ಆದರೆ ಸರ್ಜನ್ ಅಲ್ಲ), ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. “ಸರ್ಜನ್ನರ ಕೆಲಸ 2008ರಲ್ಲೇ ಮುಗಿದಿತ್ತು ಅಂಕಲ್. ಆಮೇಲಿನದ್ದು ನಮ್ಮ ಕೆಲಸ, ಅವರು ಪ್ರೀತಿಗೆ ನೋಡುತ್ತಿದ್ದರು,” ಅಂದಳು. ಸಿಟ್ಟು ಬಂತು. ಆದರೆ ಅವಳು ಅಲ್ಲೇ ಕೂತು ಅರ್ಧ ಗಂಟೆ ನೋಟುಬುಕ್ ಓದಿದಳು, ನಾಲ್ಕು ಪುಟದ ಫೋಟೋ ತೆಗೆದುಕೊಂಡಳು. ನಾನೇ ಎದ್ದು ಫ್ಯಾನ್ ಆರಿಸಿದೆ. ಯಾಕೆ ಅಂತ ಕೇಳಿದಳು, ಹೇಳಿದೆ. ಈಗ ನಾನು ಹೋದರೆ ಅವಳೇ ಆರಿಸುತ್ತಾಳೆ.

ಒಂದು ಚಾಳಿ ಮಾತ್ರ ತಡವಾಗಿ ಬಿಟ್ಟಿತು. ರಿಪೋರ್ಟ್ ಬಂದ ಕೂಡಲೇ ತೀರಿಕೊಂಡ ಡಾಕ್ಟರ ಹಳೆಯ ನಂಬರಿಗೆ ಅಂಕಿ ಕಳಿಸುತ್ತಿದ್ದೆ. ಒಂದೂವರೆ ವರ್ಷ ಕಳಿಸಿದೆ. ಒಂದು ದಿನ ಉತ್ತರ ಬಂತು: “ಕೌನ್ ಹೈ ಭಾಯ್? ಯೇ 2.8 ಕ್ಯಾ ಹೈ?” ಭಿವಂಡಿಯ ಪ್ಲೈವುಡ್ ವ್ಯಾಪಾರಿ. ಕ್ಷಮೆ ಕೇಳಿದೆ.

ಈಗ ಎಡಗಡೆಯ ದವಡೆ ಹಲ್ಲು ಅಲುಗಾಡುತ್ತಿದೆ, ಕೀಳಿಸಬೇಕು. 2011ರಲ್ಲಿ ಬಲಗಡೆಯದನ್ನು ಕೀಳಿಸುವ ಒಂದು ಗಂಟೆ ಮೊದಲು ಆಂಟಿಬಯಾಟಿಕ್ ನುಂಗಿಸಿದ್ದರು, ಹಿಂದಿನ ದಿನ ಐಎನ್‌ಆರ್ ನೋಡಿಸಿದ್ದರು. ಅದು 13ನೇ ಪುಟದಲ್ಲಿದೆ. ಚೀಟಿ ಸಿಕ್ಕಿಸಿ ಇಟ್ಟಿದ್ದೇನೆ, ಸೋಮವಾರ ಅವಳಿಗೆ ತೋರಿಸಬೇಕು.