ಜಾಮ್ ಆದ ಹ್ಯಾಂಡ್‌ಬ್ರೇಕ್ ಕೇಬಲ್: ಮನೆಯಲ್ಲೇ ಬದಲಾಯಿಸಿದ ನನ್ನ ಅನುಭವ

ಆಟಿ ತಿಂಗಳ ಮಳೆಗೆ ಕಾರು ಮೂರು ವಾರ ಅಂಗಳದಲ್ಲೇ ನಿಂತಿತ್ತು, ಹ್ಯಾಂಡ್‌ಬ್ರೇಕ್ ಎಳೆದ ಹಾಗೇ. ನಮ್ಮ ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಹೊರಟ ದಿನ ಲಿವರ್ ಕೆಳಗೆ ಬಿಟ್ಟೆ. ಮೀಟರಿನ ಕೆಂಪು ದೀಪವೂ ಆರಿತು. ಆದರೆ ಗಾಡಿ ಭಾರ, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಪಣಂಬೂರು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಹಿಂದಿನ ಎಡ ಚಕ್ರದ ಹತ್ತಿರ ಕೈ ಹಿಡಿಯಲು ಆಗದಷ್ಟು ಬಿಸಿ. ಬಲ ಚಕ್ರ ಮಾತ್ರ ತಣ್ಣಗಿತ್ತು. ಅಲ್ಲಿಂದ ನಿಧಾನ, ನಿಲ್ಲಿಸಿ ನಿಲ್ಲಿಸಿ ಮನೆಗೆ ತಂದೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಕೇಬಲ್ಲಿನ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಲಿವರ್ ಐವತ್ತು ಸಲ ಎಳೆದು ಬಿಟ್ಟೆ. ಸಂಜೆ ಹೊತ್ತಿಗೆ ಸ್ವಲ್ಪ ಸಡಿಲವಾಯಿತು, ಬೆಳಿಗ್ಗೆ ಮತ್ತೆ ಬಿಗಿ. ಒಳಗೆ ತುಕ್ಕು ಹಿಡಿದ ಕೇಬಲ್ ಎಣ್ಣೆಯಿಂದ ಉಳಿಯುವುದಿಲ್ಲ. ಬದಲಾಯಿಸಲೇಬೇಕು, ಅದೂ ಎರಡೂ ಕಡೆಯದ್ದು. ಒಂದು ಹಳತು ಒಂದು ಹೊಸತು ಆದರೆ ಎರಡು ಚಕ್ರ ಒಂದೇ ಸಮ ಹಿಡಿಯುವುದು ಕಷ್ಟ. ಎಡ, ಬಲ ಕೇಬಲ್ಲಿನ ಉದ್ದವೂ ಬೇರೆ ಬೇರೆ ಇರಬಹುದು. ಅಂಗಡಿಯಲ್ಲಿ ಸುಮ್ನೆ ಜೋಡಿ ತಂದುಬಿಡಬೇಡಿ, ಚಾಸಿಸ್ ನಂಬರ್ ಕೊಟ್ಟು ತನ್ನಿ.

ಕೆಲಸ ಶುರು ಮಾಡುವ ಮೊದಲು ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ, ಗೇರ್ ಹಾಕಿದೆ. ಹಿಂದಿನ ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕ್ ಎತ್ತಿ ಎರಡು ಕಡೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಲೇಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೆ ಬಿಡಿ.

ಒಳಗೆ ಲಿವರ್ ಸುತ್ತಲಿನ ಪ್ಲಾಸ್ಟಿಕ್ ಬಿಚ್ಚಿದರೆ ಅಡ್ಜಸ್ಟ್ ಮಾಡುವ ನಟ್ ಕಾಣುತ್ತದೆ. ಅದನ್ನು ಪೂರ್ತಿ ಸಡಿಲಿಸಿದರೆ ಎರಡೂ ಕೇಬಲ್ಲಿನ ತುದಿ ಕಳಚಿ ಬರುತ್ತದೆ. ಇನ್ನು ಡ್ರಮ್, ಅಂದರೆ ಚಕ್ರದ ಹಿಂದೆ ಬ್ರೇಕನ್ನು ಮುಚ್ಚಿರುವ ಕಬ್ಬಿಣದ ಬಟ್ಟಲು. ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಕಚ್ಚಿಕೊಂಡಿದ್ದರಿಂದ ಅದು ಅಲುಗಾಡಲಿಲ್ಲ. ಡ್ರಮ್ಮಿನ ಹಿಂಬದಿಯ ತಟ್ಟೆಯ ರಬ್ಬರ್ ಬಿರಡೆ ತೆಗೆದು, ಆ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ ಶೂ ಸಡಿಲ ಮಾಡಿದೆ. ಡ್ರಮ್ಮಿನಲ್ಲಿರುವ, ಒಳಗೆ ತ್ರೆಡ್ ಇರುವ ಎರಡು ತೂತುಗಳಿಗೆ 8 ಎಂ.ಎಂ. ಬೋಲ್ಟ್ ಹಾಕಿ, ಇದಕ್ಕೆ ಅರ್ಧ ಸುತ್ತು ಅದಕ್ಕೆ ಅರ್ಧ ಸುತ್ತು ಬಿಗಿಸುತ್ತಾ ಹೋದೆ. ಟಕ್ ಎಂದು ಬಿಟ್ಟುಕೊಂಡಿತು. ಕೆಲವು ಕಾರುಗಳಲ್ಲಿ ಡ್ರಮ್ ಬೇರಿಂಗ್ ಸಮೇತ ಬರುತ್ತದೆ. ಅಂಥದ್ದರಲ್ಲಿ ನಡುವಿನ ಹಬ್ ನಟ್ ಬಿಚ್ಚಬೇಕು, ವಾಪಸ್ ಹಾಕುವಾಗ ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಬೇಕೇ ಬೇಕು. ಒಳಗಿನ ಧೂಳನ್ನು ಬಾಯಿಂದ ಊದಬಾರದು. ಶೂ ಮೇಲೆ ಅಂಟಿಸಿದ ಲೈನರ್ ಹಳೇದಾದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ಬಿಚ್ಚಬೇಡಿ. ಸ್ಪ್ರಿಂಗ್ ಯಾವುದು ಎಲ್ಲಿಗೆ ಅಂತ ಗೊಂದಲವಾದರೆ ನೋಡಿಕೊಳ್ಳಲು ಅದು ಬೇಕು.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಒಂದೇ ಜಾಗ. ಕೇಬಲ್ಲಿನ ಔಟರ್, ಅಂದರೆ ತಂತಿಯ ಹೊರಕವಚ, ತಟ್ಟೆಯ ತೂತಿನೊಳಗೆ ಬಂದ ಮೇಲೆ ಮೂರು ಉಕ್ಕಿನ ಎಸಳು ಅರಳಿ ನಿಂತಿರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಇಕ್ಕಳ ಹಿಡಿದು ಮುಕ್ಕಾಲು ಗಂಟೆ ಒದ್ದಾಡಿದೆ. ಪಕ್ಕದ ಮನೆಯ ಭಟ್ರು ಹಿಂದೆ ಬಸ್ಸಿನ ಮೆಕ್ಯಾನಿಕ್ ಆಗಿದ್ದವರು. ಬೇಲಿ ಆಚೆಯಿಂದ ನೋಡಿ, "ಎಂತ ಮಾರಾಯ, ಹನ್ನೆರಡರ ರಿಂಗ್ ಸ್ಪ್ಯಾನರ್ ಇಲ್ವಾ ನಿನ್ನ ಹತ್ರ?" ಎಂದರು. ಕೇಬಲ್ಲಿನ ತುದಿಯನ್ನು ಶೂ ಲಿವರಿನಿಂದ, ಅಂದರೆ ಒಳಗೆ ಶೂ ತಳ್ಳುವ ಸಣ್ಣ ಪಟ್ಟಿಯಿಂದ, ಕಳಚಿ, ಅದರ ಮೇಲಿಂದ ರಿಂಗ್ ತೂರಿಸಿ ತಟ್ಟೆಯ ಕಡೆ ಒತ್ತಿದೆ. ಮೂರೂ ಎಸಳು ಒಟ್ಟಿಗೆ ಮುದುಡಿದವು, ಕೇಬಲ್ ಜಾರಿ ಹಿಂದೆ ಬಂತು. ಈಗ ಶೂ ಲಿವರನ್ನು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಆಡುತ್ತಿತ್ತು. ಅಂದರೆ ತೊಂದರೆ ಡ್ರಮ್ಮಿನಲ್ಲಿ ಇರಲಿಲ್ಲ, ಕೇಬಲ್ಲಿನಲ್ಲೇ ಇತ್ತು.

ತೆಗೆದ ಕೇಬಲನ್ನು ಗರಗಸದಲ್ಲಿ ಕೊಯ್ದು ನೋಡಿದೆ. ತುದಿಯ ರಬ್ಬರ್ ಟೋಪಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಒಂದು ಗೇಣು ದೂರದವರೆಗೆ ಒಳಗೆಲ್ಲ ಕೆಂಪು ಪುಡಿ, ಒದ್ದೆಯಾದ ರಾಗಿ ಹಿಟ್ಟಿನ ಹಾಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಉಳಿದ ಉದ್ದಕ್ಕೂ ತಂತಿ ಹೊಸದರಂತೆ ಹೊಳೆಯುತ್ತಿತ್ತು. ಇಷ್ಟು ಸಣ್ಣ ಬಿರುಕಿನಿಂದ ನೀರು ಹೋಗಿ ಇಡೀ ಚಕ್ರ ಹಿಡಿದಿತ್ತು.

ಹೊಸ ಕೇಬಲನ್ನು ಹಳೆಯದರ ದಾರಿಯಲ್ಲೇ, ಎಲ್ಲೂ ಮಡಚದ ಹಾಗೆ, ಸೈಲೆನ್ಸರಿಗೆ ತಾಗದ ಹಾಗೆ ಕೂರಿಸಿದೆ. ಹಳೇ ಕ್ಲಾಂಪ್ ಒಂದನ್ನೂ ಬಿಡಲಿಲ್ಲ. ಎಸಳು ಪೂರ್ತಿ ಅರಳಿದೆಯಾ ಎಂದು ಎಳೆದು ನೋಡಿದೆ. ಡ್ರಮ್ ಹಾಕಿದ ಮೇಲೆ ಮೊದಲು ಕಾಲಿನ ಬ್ರೇಕ್ ಹತ್ತಾರು ಸಲ ಒತ್ತಿ ಶೂ ಸರಿಯಾಗಿ ಕೂತುಕೊಳ್ಳುವ ಹಾಗೆ ಮಾಡಿ, ಆಮೇಲೆ ಕೇಬಲ್ಲಿನ ನಟ್ ಬಿಗಿಸಬೇಕು. ಈ ಕ್ರಮ ತಿರುಗಿಸಬೇಡಿ. ಶೂ ದೂರ ಇರುವಾಗ ಕೇಬಲ್ ಎಳೆದು ಸರಿ ಮಾಡಿದರೆ ಮುಂದೆ ಚಕ್ರ ಹಿಡಿಯಬಹುದು. ನನ್ನದು ಲಿವರ್ ಎಳೆದಾಗ ಆರನೇ ಕ್ಲಿಕ್ಕಿಗೆ ಗಟ್ಟಿ ಹಿಡಿಯುವ ಹಾಗೆ ಇಟ್ಟೆ. ನಿಮ್ಮ ಕಾರಿಗೆ ಎಷ್ಟು ಎಂದು ಅದರ ಪುಸ್ತಕದಲ್ಲೇ ನೋಡಿ. ಲಿವರ್ ಬಿಟ್ಟಾಗ ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಮರುದಿನ ಬೆಳಿಗ್ಗೆ ಜನ ಇಲ್ಲದ ಹೊತ್ತಲ್ಲಿ ಕದ್ರಿ ಗುಡ್ಡೆಯ ಏರಿನಲ್ಲಿ ನಿಲ್ಲಿಸಿದೆ. ಕಾಲು ಬ್ರೇಕಿನ ಮೇಲೇ ಇಟ್ಟುಕೊಂಡು ಲಿವರ್ ಎಳೆದು, ಮೆಲ್ಲಗೆ ಕಾಲು ತೆಗೆದೆ. ಕಾರು ಒಂದಿಂಚೂ ಜಾರಲಿಲ್ಲ. ಮನೆಗೆ ಬಂದು ಎರಡೂ ಚಕ್ರದ ಹತ್ತಿರ ಕೈ ಹಿಡಿದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಈಗ ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಅಂಗಳದ ಸಮತಟ್ಟಿನಲ್ಲಿ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡುತ್ತೇನೆ.