ಹಳೇ ಟ್ಯಾಬ್ ಲೋಗೋದಲ್ಲೇ ನಿಂತ್ರೆ: ಮೊದ್ಲು ಫೈಲ್ ಉಳಿಸ್ಕೊಳ್ಳಿ, ಆಮೇಲೆ ಫರ್ಮ್‌ವೇರ್ ಹಾಕಿ

ಮೂಡಿಗೆರೆ ಹತ್ರ ತೋಟ ಇರೋ ನಮ್ಮ ಚಿಕ್ಕಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಟ್ಯಾಬಲ್ಲಿ ಬರೆದಿಡ್ತಾರೆ, ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಂತು, ಅದಾದ್ಮೇಲೆ ಎಷ್ಟು ದಿನಕ್ಕೆ ಮತ್ತೆ ಬಿತ್ತು ಅನ್ನೋದೆಲ್ಲ ಅದ್ರಲ್ಲೇ ಇತ್ತು. ಟ್ಯಾಬ್ ಗೂಗಲ್‌ನ 2013ರ ನೆಕ್ಸಸ್ 7. ಒಂದಿನ ಆನ್ ಮಾಡಿದ್ರೆ ಬಣ್ಣದ ಚುಕ್ಕಿಗಳು ಕುಣೀತಾ ಇರೋದು ಬಿಟ್ರೆ ಮುಂದಕ್ಕೆ ಹೋಗ್ಲೇ ಇಲ್ಲ. ಪೇಟೆಲಿ ತೋರಿಸಿದ್ರೆ ಬೋರ್ಡ್ ಹೋಗಿದೆ ಬಿಸಾಕಿ ಅಂದ್ರಂತೆ. ಬೋರ್ಡ್ ಸರಿಯಾಗೇ ಇತ್ತು, ಕೆಟ್ಟಿದ್ದು ಸಾಫ್ಟ್‌ವೇರ್ ಅಷ್ಟೇ.

ಫರ್ಮ್‌ವೇರ್ ಅಂದ್ರೆ ಟ್ಯಾಬ್ ಓಡ್ಸೋ ಮೂಲ ಸಾಫ್ಟ್‌ವೇರು. ಅದನ್ನ ಎಷ್ಟು ಸಲ ಬೇಕಾದ್ರೂ ಹೊಸದಾಗಿ ಹಾಕ್ಬೋದು, ಗೂಗಲ್ ತನ್ನ ಡೆವಲಪರ್ ಸೈಟಲ್ಲಿ ಫ್ಯಾಕ್ಟರಿ ಇಮೇಜ್ ಅಂತ ಪುಕ್ಕಟೆ ಕೊಟ್ಟಿದೆ. ಮಳೆ ಲೆಕ್ಕ ಮಾತ್ರ ಯಾವ ಸೈಟಲ್ಲೂ ಸಿಗಲ್ಲ. ಅದಕ್ಕೇ ಡೇಟಾ ಅಳಿಸದೇ ಇರೋ ದಾರಿನ ಮೊದ್ಲು ನೋಡಿ.

ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡ್ದು ಪೂರ್ತಿ ಆಫ್ ಮಾಡಿ. ಈಗ ವಾಲ್ಯೂಮ್ ಡೌನ್ ಮತ್ತೆ ಪವರ್ ಎರಡೂ ಒಟ್ಟಿಗೆ ಹಿಡೀರಿ, ಬೂಟ್‌ಲೋಡರ್ (ಆಂಡ್ರಾಯ್ಡ್‌ಗಿಂತ ಮೊದ್ಲು ಓಡೋ ಪುಟ್ಟ ಪ್ರೋಗ್ರಾಂ) ಪರದೆ ಬರುತ್ತೆ. ವಾಲ್ಯೂಮ್ ಬಟನಲ್ಲಿ ರಿಕವರಿ ಮೋಡ್ ಆರಿಸಿ ಪವರ್ ಒತ್ತಿ. ಆಂಡ್ರಾಯ್ಡ್ ಗೊಂಬೆ ಮಲಗಿರೋ ಚಿತ್ರ, ನೋ ಕಮಾಂಡ್ ಅಂತ ಬಂದ್ರೆ ಹೆದರ್ಬೇಡಿ, ಪವರ್ ಹಿಡ್ಕೊಂಡು ವಾಲ್ಯೂಮ್ ಅಪ್ ಒಂದ್ಸಲ ಒತ್ತಿದ್ರೆ ಮೆನು ಬರುತ್ತೆ. ಅದ್ರಲ್ಲಿ ವೈಪ್ ಕ್ಯಾಶ್ ಪಾರ್ಟಿಷನ್ ಮಾತ್ರ ಮಾಡಿ, ಅದು ತಾತ್ಕಾಲಿಕ ಫೈಲ್‌ಗಳನ್ನ ಅಷ್ಟೇ ಅಳಿಸುತ್ತೆ. ವೈಪ್ ಡೇಟಾ ಅನ್ನೋದು ಅಲ್ಲೇ ಪಕ್ಕದಲ್ಲಿರುತ್ತೆ, ಅದ್ರ ಮೇಲೆ ಕೈ ಹೋಗಬಾರ್ದು. ಚಿಕ್ಕಪ್ಪಂದು ಇಷ್ಟಕ್ಕೇ ಒಂದ್ಸಲ ಆನ್ ಆಯ್ತು, ಆ ಸ್ವಲ್ಪ ಹೊತ್ತಲ್ಲೇ ಮಳೆ ಫೈಲನ್ನೆಲ್ಲ ಲ್ಯಾಪ್‌ಟಾಪ್‌ಗೆ ಎಳ್ಕೊಂಡ್ವಿ, ಆಮೇಲೆ ಮತ್ತೆ ಚುಕ್ಕಿಲೇ ನಿಂತ್ಕೊಂಡ್ತು.

ಇನ್ನು ಫರ್ಮ್‌ವೇರ್. ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ಚೆನ್ನಾಗಿರೋ ಲ್ಯಾಪ್‌ಟಾಪೇ ತಗೊಳ್ಳಿ. ಮಳೆಗಾಲದಲ್ಲಿ ನಮ್ಕಡೆ ಕರೆಂಟ್ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ, ಬೂಟ್‌ಲೋಡರ್ ಬರೀತಿರುವಾಗ ಮಧ್ಯದಲ್ಲಿ ನಿಂತ್ರೆ ಟ್ಯಾಬ್ ನಿಜವಾಗ್ಲೂ ಏಳಲ್ಲ. ಟ್ಯಾಬ್ ಬ್ಯಾಟರಿನೂ ಅರ್ಧಕ್ಕಿಂತ ಮೇಲಿರ್ಲಿ, ಬ್ಯಾಟರಿ ಊದಿ ಸ್ಕ್ರೀನ್ ಎತ್ಕೊಂಡಿದ್ರೆ ಇದ್ಯಾವ್ದಕ್ಕೂ ಕೈ ಹಾಕ್ಬೇಡಿ. ಕೇಬಲ್ ಬರೀ ಚಾರ್ಜಿಂಗ್‌ದಾದ್ರೆ ಆಗಲ್ಲ, ಡೇಟಾ ಹೋಗೋದೇ ಬೇಕು. ಡೌನ್‌ಲೋಡ್ ಸುಮಾರು ಅರ್ಧ ಜಿಬಿ, ತೋಟದ ನೆಟ್‌ವರ್ಕಲ್ಲಿ ಒದ್ದಾಡೋದಕ್ಕಿಂತ ಚಿಕ್ಕಮಗಳೂರಿಗೆ ಹೋದಾಗ ಇಳಿಸ್ಕೊಂಡು ಬನ್ನಿ.

ಮಾಡೆಲ್ ನೋಡೋದು ಬಹಳ ಮುಖ್ಯ. 2013ರ ವೈಫೈ ಟ್ಯಾಬಿಗೆ ಬೂಟ್‌ಲೋಡರ್ ಪರದೆಲಿ ಫ್ಲೋ ಅಂತ ಇರುತ್ತೆ, ಸಿಮ್ ಹಾಕೋದಕ್ಕೆ ಡೆಬ್, 2012ರ ವೈಫೈದು ಗ್ರೂಪರ್. ಗೂಗಲ್ ಪಟ್ಟಿಲಿ ಇವೇ ಕ್ರಮವಾಗಿ ರೇಜರ್, ರೇಜರ್‌ಜಿ, ನಕಾಸಿ ಅನ್ನೋ ಹೆಸರಲ್ಲಿ ಇರ್ತವೆ, ಒಂದರದ್ದು ಇನ್ನೊಂದಕ್ಕೆ ಹಾಕ್ಬೇಡಿ. ಫ್ಲೋಗೆ ಕೊನೇ ಆವೃತ್ತಿ ಆಂಡ್ರಾಯ್ಡ್ 6.0.1, ಗ್ರೂಪರ್‌ಗೆ 5.1.1. ಗ್ರೂಪರಲ್ಲಿ ಇರೋದು ಒಂದೇ ಜಿಬಿ ರ್‍ಯಾಮ್, 5.1.1 ಹಾಕಿದ್ರೆ ತೆವಳುತ್ತೆ, ನನ್ ಕೇಳಿದ್ರೆ ಬರೀ ಬರೆಯೋಕೆ ಓದೋಕೆ 4.4.4 ವಾಸಿ.

ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ (ಲ್ಯಾಪ್‌ಟಾಪಿಂದ ಟ್ಯಾಬಿಗೆ ಕಮಾಂಡ್ ಕೊಡೋ ಫಾಸ್ಟ್‌ಬೂಟ್ ಇರೋದು ಇದ್ರಲ್ಲೇ) ಮತ್ತೆ ಯುಎಸ್‌ಬಿ ಡ್ರೈವರ್ ಇಳಿಸ್ಕೊಳ್ಳಿ, ಇಮೇಜ್ ಬಿಚ್ಚಿ ಅದ್ರೊಳಗಿರೋ ಫೈಲ್‌ಗಳನ್ನೆಲ್ಲ ಟೂಲ್ಸ್ ಫೋಲ್ಡರಿಗೇ ಹಾಕಿ. ಟ್ಯಾಬ್ ಬೂಟ್‌ಲೋಡರಲ್ಲಿಟ್ಟು ಕೇಬಲ್ ಚುಚ್ಚಿ, ಆ ಫೋಲ್ಡರಲ್ಲೇ ಕಮಾಂಡ್ ಪ್ರಾಂಪ್ಟ್ ತೆಗೆದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಫಾಸ್ಟ್‌ಬೂಟ್ ಡಿವೈಸಸ್ (fastboot devices) ಅಂತ ಟೈಪ್ ಮಾಡಿ. ಒಂದು ಸೀರಿಯಲ್ ನಂಬರ್ ಬರಬೇಕು, ಬರ್ಲಿಲ್ಲ ಅಂದ್ರೆ ಡ್ರೈವರ್ ಇಲ್ಲಾ ಕೇಬಲ್ ತಪ್ಪಿದೆ. ಬಂತು ಅಂದ್ರೆ ಬೂಟ್‌ಲೋಡರ್ ಬೀಗ ತೆಗೆಯೋಕೆ ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್ ಕೊಡಿ, ಟ್ಯಾಬಲ್ಲಿ ಯೆಸ್ ಒತ್ತಿ. ಈ ಘಳಿಗೆಗೇ ಒಳಗಿರೋ ಡೇಟಾ ಎಲ್ಲಾ ಅಳಿಸಿ ಹೋಗುತ್ತೆ. ಇಮೇಜ್ ಜೊತೆ ಬರೋ ಫ್ಲ್ಯಾಶ್ ಆಲ್ ಸ್ಕ್ರಿಪ್ಟಿಂದ ಡೇಟಾ ಅಳಿಸೋ ಡ್ಯಾಶ್ ಡಬ್ಲ್ಯೂ (-w) ತೆಗೆದ್ರೆ ಡೇಟಾ ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ, ಅದು ಮೊದ್ಲೇ ಅನ್‌ಲಾಕ್ ಆಗಿರೋ ಟ್ಯಾಬಿಗೆ ಮಾತ್ರ.

ಆಮೇಲೆ ಆ ಫ್ಲ್ಯಾಶ್ ಆಲ್ ಬ್ಯಾಟ್ ಫೈಲ್ ಓಡ್ಸಿ, ಮುಗಿಯೋವರ್ಗೂ ಕೇಬಲ್ ಅಲ್ಲಾಡಿಸ್ಬೇಡಿ. ಮಧ್ಯದಲ್ಲಿ ಯಾವ್ದೋ ಸಿಗ್ ಫೈಲ್ ಇಲ್ಲ ಅಂತ ಸಾಲು ಬರುತ್ತೆ, ಅದು ಎರರ್ ಅಲ್ಲ, ಕಾಯಿರಿ. ಮೊದಲ ಸಲ ಆನ್ ಆಗೋಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೂ ಸುಮ್ನಿರಿ. ಸರಿಯಾಗಿ ಆನ್ ಆಯ್ತು ಅಂತ ಗೊತ್ತಾದ್ಮೇಲೆ, ಅಕೌಂಟ್ ಹಾಕೋಕ್ ಮುಂಚೆ, ಮತ್ತೆ ಬೂಟ್‌ಲೋಡರಿಗೆ ಹೋಗಿ ಫಾಸ್ಟ್‌ಬೂಟ್ ಓಇಎಂ ಲಾಕ್ ಕೊಡಿ.

ಇಷ್ಟಾದ್ರೂ ಇದು ಹಳೇ ಆಂಡ್ರಾಯ್ಡೇ, ಸೆಕ್ಯುರಿಟಿ ಅಪ್‌ಡೇಟ್ ನಿಂತು ವರ್ಷಗಳೇ ಆಗಿವೆ, ಬ್ಯಾಂಕು ಯುಪಿಐ ಇದ್ರಲ್ಲಿ ಬೇಡ್ವೇ ಬೇಡ. ಚಿಕ್ಕಪ್ಪಂಗೆ ಮಳೆ ಲೆಕ್ಕ ಬರೆಯೋಕೆ ಸಾಕು, ಈಗ ಪ್ರತಿ ಭಾನುವಾರ ಆ ಫೈಲನ್ನ ಚಿಕ್ಕಮ್ಮನ ಫೋನಿಗೂ ಕಳಿಸ್ತಾರೆ.