ಕ್ಯಾಂಟಿಲಿವರ್ ಬ್ರೇಕ್ ಹೊಂದಿಸುವ ಕ್ರಮ

ಸೈಕಲ್ಲಿನ ಕ್ಯಾಂಟಿಲಿವರ್ ಬ್ರೇಕ್, ಅಂದರೆ ಚಕ್ರದ ಎರಡೂ ಬದಿಯ ತೋಳುಗಳು ರಬ್ಬರನ್ನು ರಿಮ್ಮಿಗೆ ಒತ್ತುವ ಬ್ರೇಕ್, ಸರಿಯಾಗಿ ಹಿಡಿಯದಿದ್ದರೆ ಹೆಚ್ಚಿನವರು ಮೊದಲು ವೈರನ್ನೇ ಎಳೆದು ಬಿಗಿ ಮಾಡುತ್ತಾರೆ. ಈ ಬ್ರೇಕಿನ ಬಲ ನಿಂತಿರುವುದು ವೈರಿನ ಬಿಗಿಯಲ್ಲಲ್ಲ, ಎರಡು ತೋಳುಗಳನ್ನು ಜೋಡಿಸುವ ಅಡ್ಡ ವೈರಿನ ಓರೆಯಲ್ಲಿ ಮತ್ತು ರಬ್ಬರ್ ರಿಮ್ಮಿಗೆ ತಾಗುವ ಜಾಗದಲ್ಲಿ.

ಚಕ್ರದ ಬೆಂಡ್ ತೆಗೆಸಿ, ಅದು ಫೋರ್ಕಿನ ನಟ್ಟನಡುವೆ ಕೂತಿದೆಯೇ ಎಂದು ನೋಡಿಕೊಂಡ ಮೇಲೆಯೇ ಬ್ರೇಕಿಗೆ ಕೈ ಹಾಕಬೇಕು. ತೋಳುಗಳನ್ನು ಕಳಚಿ, ಅವು ತಿರುಗುವ ಗೂಟಗಳನ್ನು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಬೇಕು. ಸ್ಪ್ರಿಂಗಿನ ತುದಿ ಸಿಕ್ಕಿಸಲು ಮೂರು ತೂತುಗಳಿದ್ದರೆ ಎರಡೂ ಕಡೆ ನಡುವಿನದನ್ನೇ ಬಳಸಬೇಕು.

ತಾಳ್ಮೆ ಬೇಡುವುದು ರಬ್ಬರ್ ಕೂರಿಸುವ ಕೆಲಸ. ರಬ್ಬರನ್ನು ತೋಳಿಗೆ ಹಿಡಿದಿಡುವ ಬೋಲ್ಟನ್ನು ಮುಂದಿನಿಂದ 5 ಮಿ.ಮೀ. ಅಲೆನ್ ಕೀಯಲ್ಲಿ ಹಿಡಿದು ಹಿಂದಿನ 10 ಮಿ.ಮೀ. ನಟ್ಟನ್ನು ಬಿಗಿಯುವಷ್ಟರಲ್ಲಿ ರಬ್ಬರ್ ತಾನಾಗಿ ತಿರುಗಿಬಿಡುತ್ತದೆ. ಆದ್ದರಿಂದ ಅದನ್ನು ರಿಮ್ಮಿಗೆ ಒತ್ತಿ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ಚಕ್ರ ಮುಂದೆ ಉರುಳುವಾಗ ರಬ್ಬರಿನ ಮುಂತುದಿ ಮೊದಲು ತಾಗುವಂತೆ, ಹಿಂತುದಿಗೂ ರಿಮ್ಮಿಗೂ ನಡುವೆ ಸುಮಾರು 1 ಮಿ.ಮೀ. ದಪ್ಪದ ರಟ್ಟನ್ನಿಟ್ಟು ಬಿಗಿ ಮಾಡಿದರೆ ಬ್ರೇಕ್ ಕಿರುಚುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಲಗ್ನಪತ್ರಿಕೆಯನ್ನು ಮಡಚಿ ಇಟ್ಟರೂ ಸಾಕು. ಈ ತೋಳುಗಳು ಕೆಳಮುಖವಾಗಿ ಬಾಗುತ್ತಾ ಒಳಗೆ ಬರುವುದರಿಂದ, ರಬ್ಬರ್ ಸವೆದಂತೆಲ್ಲ ರಿಮ್ಮಿನ ಕೆಳಗಿನ ಅಂಚಿಗೆ ಇಳಿದು, ಕೊನೆಗೆ ಅದರಡಿಗೆ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. ಆದಕಾರಣ ಅದನ್ನು ರಿಮ್ಮಿನ ಮೇಲಂಚಿನ ಹತ್ತಿರವೇ, ಆದರೆ ಟೈರಿಗೆ ಮಾತ್ರ ತಾಗದಂತೆ ನಿಲ್ಲಿಸಬೇಕು.

ಇನ್ನು ಅಡ್ಡ ವೈರು. ಅದನ್ನು ಲಿವರಿನಿಂದ ಬರುವ ಮುಖ್ಯ ವೈರಿಗೆ ಜೋಡಿಸುವ ಕೊಂಡಿಯನ್ನು ಕೆಳಗಿಳಿಸಿದಷ್ಟೂ ಹಿಡಿತದ ಬಲ ಹೆಚ್ಚುತ್ತದೆ, ಆದರೆ ಲಿವರ್ ಹೆಚ್ಚು ದೂರ ಬರಬೇಕಾಗುತ್ತದೆ; ಮೇಲೇರಿಸಿದರೆ ಲಿವರ್ ಗಟ್ಟಿಯೆನಿಸಿ ಬ್ರೇಕ್ ಮಾತ್ರ ಸಪ್ಪೆಯಾಗುತ್ತದೆ. ಗೂಟದಿಂದ ತೋಳಿನ ತುದಿಗೆ ಎಳೆದ ಗೆರೆಗೂ ಅಡ್ಡ ವೈರಿಗೂ ಸುಮಾರು 90 ಡಿಗ್ರಿ ಇರುವಂತೆ ಆರಂಭಿಸಿ, ಲಿವರ್ ಹ್ಯಾಂಡಲ್ಲಿಗೆ ತಾಗದಷ್ಟು ಇಳಿಸಿಕೊಳ್ಳುವುದು ನನ್ನ ಪದ್ಧತಿ. ಅಡ್ಡ ವೈರಿಲ್ಲದ, ಉದ್ದ ತೋಳುಗಳ ವಿ ಬ್ರೇಕಿನ ಲಿವರ್ ಹೆಚ್ಚು ವೈರ್ ಎಳೆಯುವುದರಿಂದ ಇದಕ್ಕೆ ಹೊಂದುವುದಿಲ್ಲ. ರಬ್ಬರ್ ಒಂದು ಕಡೆ ಮಾತ್ರ ಉಜ್ಜುತ್ತಿದ್ದರೆ, ಆ ಕಡೆಯ ತೋಳಿನ ಸಣ್ಣ ಸ್ಕ್ರೂವನ್ನು ಬಿಗಿದಾಗ ಅದು ರಿಮ್ಮಿನಿಂದ ದೂರ ಸರಿಯುತ್ತದೆ. ಸ್ಕ್ರೂ ಇನ್ನೊಂದು ಕಡೆಯಿದ್ದರೆ ಸಡಿಲಿಸಬೇಕು.

ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಅಥವಾ ರಿಫ್ಲೆಕ್ಟರಿನ ಪಟ್ಟಿ ಇದ್ದರೆ ಅದನ್ನು ಅಂದಕ್ಕಾಗಿ ತೆಗೆಯಬಾರದು. ಮುಖ್ಯ ವೈರ್ ಹರಿದರೆ ಅಡ್ಡ ವೈರ್ ಟೈರಿನ ಮೇಲೆ ಬಿದ್ದು, ಟೈರಿನ ಗುಬಟುಗಳಿಗೆ ಸಿಕ್ಕಿ, ಓಡುತ್ತಿರುವ ಚಕ್ರವನ್ನು ಥಟ್ಟನೆ ನಿಲ್ಲಿಸಿಬಿಡುತ್ತದೆ; ಅದನ್ನು ತಡೆಯುವುದು ಆ ಪಟ್ಟಿಯೇ.